ಹದಿನೆಂಟು ಡಿಗ್ರಿ

ಮೇಗರವಳ್ಳಿಯ ನಮ್ಮ ಮಸೀದಿ ಸೊಟ್ಟಗಿದೆಯೆಂದು
ಮೊದಲು ಹೇಳಿದ್ದು ಒಂಬತ್ತನೇ ಕ್ಲಾಸಿನ ನೌಫಲ್.
ಜುಮಾ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತು,
ಅವನ ಅಂಗೈಯಲ್ಲಿ ಮೊಬೈಲು, ಮೊಬೈಲಿನೊಳಗೆ ನಡುಗುವ ಮುಳ್ಳು.
"ಮುಕ್ರಿಕಾ, ಈ ಗೋಡೆ ಮಕ್ಕಾ ನೋಡ್ತಿಲ್ಲ.
ಇನ್ನೂ ಹದಿನೆಂಟು ಡಿಗ್ರಿ ಬಡಗಕ್ಕೆ ತಿರುಗಬೇಕು."

ಮೂವತ್ತೊಂದು ವರ್ಷದಿಂದ ಈ ನೆಲ ಗುಡಿಸುವವನು ನಾನು.
ಯಾವ ಬಿರುಕಿನಲ್ಲಿ ಇರುವೆ, ಯಾವ ತೊಲೆಯ ಸಂದಿನಲ್ಲಿ ಬಾವಲಿ,
ಎಲ್ಲ ಬಲ್ಲೆ. ದಿಕ್ಕನ್ನು ಮಾತ್ರ
ಒಮ್ಮೆ ಕೇಳಿ ನೋಡೋಣವೆಂದು ಅನ್ನಿಸಿರಲಿಲ್ಲ.

ಒಡೆದು ಕಟ್ಟೋಣ ಎಂದರು ರಜೆಗೆ ಬಂದ ದಮಾಮಿನವರು.
ಒಡೆದರೆ ಸೂರು ಕೂರುತ್ತದೆ ಎಂದರು ಇನ್ನು ಕೆಲವರು.
ಗುಜರಿ ಅಂಗಡಿಯ ಇದ್ದಿನಬ್ಬ ಕಂಬಕ್ಕೆ ಒರಗಿ ಕೂತವನು,
"ಹಾಗಾದರೆ ನಮ್ಮಪ್ಪನ ಅರವತ್ತು ವರ್ಷದ ನಮಾಜು
ಎಲ್ಲಿಗೆ ಹೋಯಿತು?" ಅಂದ.
ಚಹಾ ಆರಿತು.

ಗೋಡೆ ಕಟ್ಟಿದ್ದು ಹಿರಿಯಣ್ಣ ಬೋವಿ.
ನನ್ನ ಅಜ್ಜ ಪೊಡಿಯಬ್ಬ ಒಣಮೀನು ಹೊತ್ತು
ಆಗುಂಬೆ ಘಾಟಿ ಹತ್ತುತ್ತಿದ್ದ ಕಾಲ ಅದು.
ಹೊತ್ತಾದಾಗ ಹೊರೆ ಇಳಿಸಿ, ಬೈರಾಸು ಹಾಸಿ,
ಹತ್ತಿ ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತಿದ್ದನಂತೆ:
ಕಡಲು ಎಲ್ಲಿದೆಯೋ ಅಲ್ಲಿ ಕಅಬಾ.
ಆ ಕಡಲಿನ ಮೇಲೆಯೇ ಅಲ್ಲವೇ, ಮುಂಗಾರಿನ ಗಾಳಿ ನಂಬಿ,
ದೇವರು ಒಬ್ಬನೇ ಎಂಬ ಮಾತು ದಡ ಮುಟ್ಟಿದ್ದು,
ಖರ್ಜೂರದ ಮೂಟೆಗೂ ಕುದುರೆಯ ಹುಲ್ಲಿಗೂ ನಡುವೆ
ಎಲ್ಲೋ ಮುದುಡಿ ಕೂತು.
ತಕ್ಕಡಿ ಸರಿಯಿದ್ದವನನ್ನು ಜನ ಮೊದಲು ನಂಬಿದರು,
ಅವನ ದೇವರನ್ನು ಆಮೇಲೆ.

"ಬ್ಯಾರಿಗಳೇ, ನಿಮ್ಮ ದೇವರ ಮನೆ ಯಾವ ಕಡೆ?"
"ಹೊತ್ತು ಮುಳುಗುವ ಕಡೆ."
ಭಾದ್ರಪದದ ಕೊನೆ. ಮೋಡ ಹರಿದ ಒಂದು ಸಂಜೆ
ಬೋವಿ ಸೂರ್ಯನಿಗೆ ನೇರ ಗೂಟ ಹೊಡೆದ, ದಾರ ಎಳೆದ,
ಜಂಬಿಟ್ಟಿಗೆ ಜೋಡಿಸಿದ.
ವೈಶಾಖದಲ್ಲಿ ಕೇಳಿದ್ದರೆ ಸೂರ್ಯ ಸರಿಯಾಗಿಯೇ
ಹೇಳುತ್ತಿದ್ದ, ಅನ್ನುತ್ತಾನೆ ನೌಫಲ್.

ಉಸ್ತಾದರು ಸರ್ಕಾರಿ ಶಾಲೆಯಿಂದ ಭೂಗೋಳ ತರಿಸಿದರು.
ನಮ್ಮ ಊರಿನ ಮೇಲೆ ಹೆಬ್ಬೆರಳಿಟ್ಟು, ಗೋಡೆ ನೋಡುವ ಕಡೆಗೆ
ದರ್ಜಿಯ ನೂಲು ಎಳೆದರು. ಕಡಲು ದಾಟಿ, ಮರಳು ತಪ್ಪಿಸಿ,
ನೂಲು ಹೋಗಿ ನಿಂತದ್ದು ಹಬಶದ ಬೆಟ್ಟಗಳಲ್ಲಿ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಥೆ.
ಮಕ್ಕಾದಲ್ಲಿ ಹೊಡೆತ ತಿಂದ ಮೊದಲ ಕೆಲವರು
ರಾತ್ರಿ ದೋಣಿ ಹತ್ತಿ ಓಡಿದ್ದು ಅಲ್ಲಿಗೇ.
ಬೆನ್ನಟ್ಟಿ ಬಂದವರು ಕಾಣಿಕೆ ಚರ್ಮ ಸುರಿದು ಇವರನ್ನು ಕೇಳಿದರು.
ದೊರೆ ಕ್ರೈಸ್ತ. ನಿಮ್ಮ ಮಾತು ಓದಿ, ಎಂದ.
ಇವರು ಓದಿದ್ದು ಮರ್ಯಮಳ ಪ್ರಸಂಗ,
ಒಂಟಿ ಹೆಣ್ಣು, ಖರ್ಜೂರದ ಬುಡ, ಹೆರಿಗೆನೋವು.
ದೊರೆಯ ಗಡ್ಡ ಒದ್ದೆಯಾಯಿತು. ನೆಲದಿಂದ ಒಂದು ಕಡ್ಡಿ ಎತ್ತಿ
ನಮ್ಮ ನಿಮ್ಮ ನಡುವೆ ಇಷ್ಟೂ ದೂರವಿಲ್ಲ, ಹೋಗಿ,
ನನ್ನ ನಾಡಲ್ಲಿ ನೆಮ್ಮದಿಯಾಗಿರಿ, ಎಂದನಂತೆ.

"ಇದ್ದಿನಬ್ಬಾಕ, ನಿಮ್ಮಪ್ಪನ ನಮಾಜು ಅಲ್ಲಾಹನಿಗೇ ಹೋಗಿದೆ.
ದಾರಿಯಲ್ಲಿ ಆ ದೊರೆಗೊಂದು ಸಲಾಂ ಹೇಳಿ ಹೋಗಿದೆ, ಅಷ್ಟೇ."

ಗೋಡೆ ಒಡೆಯಲಿಲ್ಲ. ಮದೀನದಲ್ಲಿ ನಮಾಜಿನ ನಡುವೆಯೇ
ದಿಕ್ಕು ಬದಲಾಗಿ, ಇಡೀ ಸಾಲು ಮಾತಿಲ್ಲದೆ ತಿರುಗಿತ್ತಲ್ಲ;
ನಮಗೆ ಕರೆಂಟಿನವರ ಕಪ್ಪು ಟೇಪು ಸಾಕಾಯಿತು.
ನೌಫಲ್ ಮೊಣಕಾಲೂರಿ ನೆಲಕ್ಕೆ ಗೆರೆ ಅಂಟಿಸಿದ.

ಈಗ ನಾವು ಓರೆಯಾಗಿ ನಿಲ್ಲುತ್ತೇವೆ.
ಮೊದಲ ಸಾಲಿನ ಎಡತುದಿ ಗೋಡೆಗೆ ತಾಗುತ್ತದೆ,
ಬಲಗಡೆ ಮುಂದೆ ಮೂರು ಮೂಲೆಯ ಒಂದು ಜಾಗ
ಯಾರೂ ನಿಲ್ಲದೆ ಉಳಿಯುತ್ತದೆ.
ಬಿಟ್ಟರೂ ಯಾರೂ ಕೇಳುವುದಿಲ್ಲ. ಆದರೂ ಗುಡಿಸುತ್ತೇನೆ.
ನಿನ್ನೆ ಪೊರಕೆಯಿಂದ ಒಂದು ಕಡ್ಡಿ ಕಳಚಿ ಅಲ್ಲಿ ಬಿತ್ತು.
ಬಗ್ಗಿದೆ, ಸೊಂಟ ಹಿಡಿಯಿತು,
ಇರಲಿ ಬಿಡು ಎಂದು ಬಾಂಗಿಗೆ ಎದ್ದೆ.